ಲೈಫ್‌ಟೈಮ್ ಅಂದ್ರೆ ಯಾರ ಲೈಫು?

ನಮ್ಮ ಪೀಳಿಗೆಯವರು ಕಂಪನಿ ಬಿಟ್ಟೆ ಅಂದ್ರೆ ಎದುರಿಗಿರೋರು ಮೊದಲು ಕೇಳೋದು ‘ಹೈಕ್ ಎಷ್ಟು?’ ಅಂತ. ಕಳೆದ ಮಳೆಗಾಲದಲ್ಲಿ ನಾನೂ ಒಂದು ಕಂಪನಿ ಬಿಟ್ಟೆ. ಹೈಕ್ ಸೊನ್ನೆ. ನೋಟಿಸ್ ಪೀರಿಯಡ್ ಒಂದು ಶನಿವಾರ, ಒಂದು ಭಾನುವಾರ. ಬಿಟ್ಟಿದ್ದು ಕೆಲಸವನ್ನಲ್ಲ, ಮನೆಯ ಮೀಡಿಯಾ ಸರ್ವರ್ ನಡೆಸ್ತಿದ್ದ ಒಂದು ತಂತ್ರಾಂಶವನ್ನ.

ಮೀಡಿಯಾ ಸರ್ವರ್ ಅಂದ್ರೆ ದೊಡ್ಡ ಸಂಗತಿ ಏನಲ್ಲ. ಮನೆಯಲ್ಲಿರೋ ಒಂದು ಕಂಪ್ಯೂಟರಿಗೆ ಸಿನಿಮಾ, ಹಾಡು, ಮದುವೆ ವಿಡಿಯೊ, ಫೋಟೊ ಎಲ್ಲ ತುಂಬಿಡ್ತೀರಿ. ಸರ್ವರ್ ತಂತ್ರಾಂಶ ಅವಕ್ಕೆಲ್ಲ ಪೋಸ್ಟರ್ ಅಂಟಿಸಿ, ಸಾಲಾಗಿ ಜೋಡಿಸಿ, ಟಿವಿಗೋ ಫೋನಿಗೋ ಕಳಿಸುತ್ತೆ. ನಿಮ್ಮ ಮನೆಯದೇ ಒಂದು ಪುಟ್ಟ ಓಟಿಟಿ ಅಂದ್ಕೊಳ್ಳಿ.

ನಮ್ಮ ಸರ್ವರ್ ಇರೋದು ಭದ್ರಾವತಿಯ ಹೊಸಮನೆಯಲ್ಲಿ, ಅಮ್ಮನ ಟಿವಿ ಸ್ಟ್ಯಾಂಡಿನ ಕೆಳಗೆ. (ಶಿವಮೊಗ್ಗದಲ್ಲೂ ಒಂದು ಹೊಸಮನೆ ಇದೆ. ನಮ್ಮ ಪಾರ್ಸೆಲ್‌ಗಳು ಆಗಾಗ ಅಲ್ಲಿ ಒಂದು ಸುತ್ತು ಹಾಕಿಕೊಂಡು ಬರ್ತವೆ.) ನನ್ನ ಹಳೇ ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸಿದ 2 ಟಿಬಿ ಹಾರ್ಡ್ ಡಿಸ್ಕು. ಡಿಸ್ಕಿನಲ್ಲಿ ಅಕ್ಕನ ಮದುವೆಯ ವಿಡಿಯೊ, ನಾವು ಡಿವಿಡಿಯಿಂದ ಇಳಿಸಿಕೊಂಡ ರಾಜ್‌ಕುಮಾರ್ ಸಿನಿಮಾಗಳು ಇವೆ. ಆದರೆ ಅದರಲ್ಲಿ ನಿಜವಾಗ್ಲೂ ಬೆಲೆಬಾಳೋದು ಅಪ್ಪನ ಕ್ಯಾಸೆಟ್ಟುಗಳು.

ಅಪ್ಪ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದವರು. ರೇಡಿಯೊ ನಾಟಕ ಅಂದ್ರೆ ಪ್ರಾಣ. ಆಕಾಶವಾಣಿ ಭದ್ರಾವತಿ 1965ರಲ್ಲಿ ಶುರುವಾದ ನಿಲಯ. ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್. ನಮ್ಮನೆ ರೇಡಿಯೊದ ಮುಳ್ಳು ಅಲ್ಲೇ ತುಕ್ಕು ಹಿಡಿದು ನಿಂತಿತ್ತು ಅಂದ್ರೂ ತಪ್ಪಿಲ್ಲ. ಸೆಕೆಂಡ್ ಶಿಫ್ಟ್ ಇದ್ದ ದಿನ ನಾಟಕ ತಪ್ಪಿಹೋಗುತ್ತೆ ಅಂತ ಖಾಲಿ ಕ್ಯಾಸೆಟ್ ಹಾಕಿಟ್ಟು, ರೆಕಾರ್ಡ್ ಗುಂಡಿ ಒತ್ತೋ ಜವಾಬ್ದಾರಿ ಅಮ್ಮನಿಗೆ ಕೊಟ್ಟು ಹೋಗೋರು. ಹಾಗಾಗಿ ನಮ್ಮ ಎಲ್ಲ ನಾಟಕಗಳ ಹಿನ್ನೆಲೆಯಲ್ಲೂ ಕುಕ್ಕರ್ ಸೀಟಿ ಇದೆ. ಹೊರಡೋ ಮುಂಚೆ ಟೇಪ್ ಸರಿಯಿದೆಯಾ ಅಂತ ಪರೀಕ್ಷೆಗೆ ಅಪ್ಪ ಎರಡು ಮಾತಾಡಿ ನೋಡೋರು: ಇವತ್ತು ಯಾವ ವಾರ, ಹೊರಗೆ ಮಳೆ ಇದೆಯೋ ಇಲ್ಲವೋ, ಅಷ್ಟೇ. ಒಂದೊಂದು ಕ್ಯಾಸೆಟ್ಟಿನ ಮೊದಲಲ್ಲಿ ಹತ್ತು ಸೆಕೆಂಡು.

ಅಪ್ಪ ತೀರಿಹೋಗಿ ನಾಲ್ಕು ವರ್ಷ ಆಯ್ತು. ಆ ಹತ್ತು ಸೆಕೆಂಡುಗಳ ಬೆಲೆ ಈಗ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕ್ಯಾಸೆಟ್ಟನ್ನ ಫೈಲ್ ಮಾಡೋ ಕೆಲಸಕ್ಕೆ ಅಡ್ಡದಾರಿ ಇಲ್ಲ. ಸಿ-60 ಕ್ಯಾಸೆಟ್ ಆದರೆ ಬದಿಗೆ ಮೂವತ್ತು ನಿಮಿಷ, ಸಿ-90 ಆದರೆ ನಲವತ್ತೈದು. ಪೂರ್ತಿ ಓಡಿಸಲೇಬೇಕು. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದು, ಆಡಾಸಿಟಿ ಅನ್ನೋ ತಂತ್ರಾಂಶದಲ್ಲಿ ರೆಕಾರ್ಡ್ ಮಾಡ್ತಾ ಕೂತರೆ ಒಂದು ವಾರಾಂತ್ಯಕ್ಕೆ ಆರೋ ಏಳೋ ಮುಗಿಯುತ್ತೆ. ಅಕ್ಕ ಒಂದಷ್ಟು, ನಾನೊಂದಷ್ಟು ಅಂತ ಎರಡು ವರ್ಷ ಹಿಡೀತು.

ಇಷ್ಟನ್ನೂ ಮೊದಲು ಹಾಕಿದ್ದು ಒಂದು ಕಂಪನಿಯ ತಂತ್ರಾಂಶಕ್ಕೆ. ಹೆಸರು ಬೇಡ; ಈ ಮಾತು ಯಾವುದೋ ಒಂದು ಕಂಪನಿಯದ್ದಲ್ಲ. ಚೆನ್ನಾಗಿತ್ತು ಅಂತಲೂ ಹೇಳಿಬಿಡಬೇಕು. ಹತ್ತು ನಿಮಿಷದಲ್ಲಿ ಕೂತ್ಕೊಳ್ತು. ನೋಡೋಕೆ ಅಂದ. ಬೆಂಗಳೂರಲ್ಲಿ ಕೂತು ಹೊಸಮನೆಯ ಕ್ಯಾಸೆಟ್ ಕೇಳೋದಕ್ಕೆ ನಾನು ಏನೂ ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಲೈಫ್‌ಟೈಮ್ ಪ್ಲಾನಿಗೆ ದುಡ್ಡೂ ಕಟ್ಟಿದೆ.

ಆಮೇಲೆ ಒಂದೊಂದಾಗಿ ಬದಲಾವಣೆ. ಮೊದಲ ಪರದೆಯಲ್ಲಿ ಕಂಪನಿ ತೋರಿಸೋ ಉಚಿತ ಸಿನಿಮಾಗಳು ಬಂದು ಕೂತವು. ಅದರ ಕೆಳಗೆ ಇನ್ನೊಂದು ಸಾಲು. ಅಪ್ಪನ ಕ್ಯಾಸೆಟ್ಟುಗಳು ‘ಇನ್ನಷ್ಟು’ ಅನ್ನೋ ಗುಂಡಿಯ ಹಿಂದೆ ಹೋದವು. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ರಿಮೋಟ್ ಹಿಡಿದು ಆರು ಸಲ ಕೆಳಗೆ, ಎರಡು ಸಲ ಬಲಕ್ಕೆ ಹೋಗೋದು ಅವಳ ಪಾಲಿಗೆ ಒಂದು ಪ್ರಯಾಣ. ಇದನ್ನೂ ಹೇಗೋ ಅಭ್ಯಾಸ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಆಷಾಢದ ಮಳೆಗೆ ನಮ್ಮ ಬೀದಿಯ ಫೈಬರ್ ಕೇಬಲ್ ತುಂಡಾಯ್ತು. ಮೂರು ದಿನ ಇಂಟರ್ನೆಟ್ ಇಲ್ಲ, ಕರೆಂಟ್ ಇದೆ. ಸರ್ವರ್ ಟಿವಿ ಕೆಳಗೇ ಇದೆ, ನಡುವೆ ಒಂದು ಅಡಿ ಅಂತರ. ಆದರೂ ಟಿವಿಯ ಆ್ಯಪ್ ‘ಲಾಗಿನ್ ಆಗಿ’ ಅಂತ ನಿಂತ್ಕೊಳ್ತು. ಲಾಗಿನ್ ಆಗಬೇಕಿದ್ದಿದ್ದು ಸಮುದ್ರದಾಚೆ ಎಲ್ಲೋ ಇರೋ ಕಂಪನಿಯ ಕಂಪ್ಯೂಟರಿಗೆ.

ಅಮ್ಮ ಫೋನ್ ಮಾಡಿದಳು. “ನಿಮ್ಮಪ್ಪನ ಮಾತು ಕೇಳಕ್ಕೆ ಯಾರದ್ದು ಪರ್ಮಿಷನ್ ಬೇಕಂತೆ ಮಾರಾಯ?”

ಉತ್ತರ ಇರಲಿಲ್ಲ. ಫೈಲು ನಮ್ಮದು, ಡಿಸ್ಕು ನಮ್ಮದು, ಕರೆಂಟ್ ಬಿಲ್ಲು ನಮ್ಮದು. ಬಾಗಿಲ ಬೀಗದ ಕೈ ಮಾತ್ರ ಬೇರೆಯವರ ಹತ್ರ.

ಇದು ಬರೀ ಸಿನಿಮಾ ಹುಚ್ಚರ ತಾಪತ್ರಯ ಅಂದ್ಕೋಬೇಡಿ. 2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ವ್ಯವಹಾರ ಮುಚ್ಚಿತು. ದುಡ್ಡು ಕೊಟ್ಟು ಕೊಂಡವರ ಪುಸ್ತಕಗಳೂ ತೆರೆಯದಂತಾದವು. ದುಡ್ಡು ವಾಪಸ್ ಕೊಟ್ಟರು, ಪುಸ್ತಕ ಹೋಯ್ತು. ಲೈಫ್‌ಟೈಮ್ ಅನ್ನೋ ಪದ ಕೇಳಿದಾಗೆಲ್ಲ ನಾವು ನಮ್ಮ ಆಯುಸ್ಸಿನ ಲೆಕ್ಕ ಹಾಕ್ತೀವಿ. ಅಲ್ಲಿ ಬರೆದಿರೋದು ಕಂಪನಿಯ ಆಯುಸ್ಸು. ಭದ್ರಾವತಿಯವರಿಗಂತೂ ಇದನ್ನ ಯಾರೂ ಪಾಠ ಮಾಡಬೇಕಿಲ್ಲ. 1930ರ ದಶಕದಲ್ಲಿ ಹುಟ್ಟಿದ ಎಂಪಿಎಂ ಕಾಗದದ ಕಾರ್ಖಾನೆ ಇಡೀ ಊರಿಗೆ ಅನ್ನ ಹಾಕಿ, ಕೊನೆಗೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಶಾಶ್ವತ ಅಂತ ನಂಬಿದ್ದ ಗೇಟು ಮುಚ್ಚೋದನ್ನ ನೋಡಿದ ಊರು ನಮ್ಮದು.

ಹಾಗಾಗಿ ಜೆಲ್ಲಿಫಿನ್ ಹುಡುಕಿದೆ. ಅದರ ಹುಟ್ಟಿನ ಕತೆ ಚೆನ್ನಾಗಿದೆ. ಎಂಬಿ ಅನ್ನೋ ಹೆಸರಿನ ಒಂದು ಮೀಡಿಯಾ ಸರ್ವರ್ ಇತ್ತು, ಈಗಲೂ ಇದೆ. ಅದರ ಸೋರ್ಸ್ ಕೋಡ್ ಮುಕ್ತವಾಗಿ ಸಿಗ್ತಿತ್ತು. 2018ರ ಕೊನೆಗೆ ಅವರು ಕೋಡನ್ನ ಮುಚ್ಚಿದರು. ಮುಂದಿನ ಕೋಡ್ ಮುಚ್ಚಬಹುದು, ಆದರೆ ಜಿಪಿಎಲ್ ಪರವಾನಗಿಯಲ್ಲಿ ಒಮ್ಮೆ ಹೊರಗೆ ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ಬರಲ್ಲ. ಕೆಲವರು ಆ ಹಳೇ ಕೋಡನ್ನೇ ಹಿಡಿದು ಬೇರೆ ಒಲೆ ಹೂಡಿದರು. 2019ರ ಜನವರಿಯಲ್ಲಿ ಜೆಲ್ಲಿಫಿನ್ 10.0.0 ಆವೃತ್ತಿ ಬಂತು. ನಮ್ಮ ಕಡೆ ಹಿಸ್ಸೆ ಆದರೆ ಗದ್ದೆ ಅರ್ಧ ಆಗುತ್ತೆ. ಕೋಡ್ ಹಿಸ್ಸೆ ಆದರೆ ಇಬ್ಬರಿಗೂ ಪೂರ್ತಿ ಗದ್ದೆ ಸಿಗುತ್ತೆ! ಜೆಲ್ಲಿಫಿನ್ ನಡೆಸೋರು ಸ್ವಯಂಸೇವಕರು. ಖರ್ಚಿಗೆ ದೇಣಿಗೆ. ದುಡ್ಡು ಕೊಟ್ಟು ತೆಗೀಬೇಕಾದ ಒಂದೇ ಒಂದು ಸೌಲಭ್ಯವೂ ಅದರಲ್ಲಿಲ್ಲ. ಲಾಗಿನ್ ಇದೆ, ಆದರೆ ಆ ಖಾತೆ ಇರೋದು ನಮ್ಮ ಲ್ಯಾಪ್‌ಟಾಪಿನಲ್ಲೇ.

ಶನಿವಾರ ಬೆಳಿಗ್ಗೆ ಹೊಸಮನೆಗೆ ಹೋಗಿ ಕೂತೆ. ಫೈಲುಗಳನ್ನ ಮುಟ್ಟೋ ಅಗತ್ಯವೇ ಬರಲಿಲ್ಲ. ಇದ್ದ ಫೋಲ್ಡರುಗಳನ್ನೇ ಹೊಸ ಸರ್ವರಿಗೆ ತೋರಿಸಿದೆ. ಸಿನಿಮಾಗಳ ಪೋಸ್ಟರು, ವಿವರ ಎಲ್ಲ ಅದು ಜನರೇ ಸೇರಿ ತುಂಬೋ ಟಿಎಂಡಿಬಿ ಅನ್ನೋ ಕೋಶದಿಂದ ತರುತ್ತೆ. ಇಲ್ಲೊಂದು ಕಿವಿಮಾತು: ಕನ್ನಡ ಸಿನಿಮಾದ ಫೋಲ್ಡರಿಗೆ ಹೆಸರಿನ ಜೊತೆ ಇಸವಿ ಹಾಕಿ. ‘ಗಂಧದ ಗುಡಿ’ ಅಂತಷ್ಟೇ ಇಟ್ಟರೆ 1973ರ ರಾಜ್‌ಕುಮಾರ್ ಸಿನಿಮಾಗೆ 2022ರ ಪುನೀತ್ ಸಾಕ್ಷ್ಯಚಿತ್ರದ ಪೋಸ್ಟರ್ ಬಂದು ಕೂರಬಹುದು. ‘ನಾಗರಹಾವು’ ಕೂಡ ಹಾಗೇ, 1972ರದ್ದೊಂದು, 2016ರದ್ದೊಂದು. ಆವರಣದಲ್ಲಿ ಇಸವಿ ಬರೆದರೆ ತಂದೆ ಮಗ ಇಬ್ಬರೂ ಅವರವರ ಜಾಗದಲ್ಲಿರ್ತಾರೆ.

ಅಪ್ಪನ ಕ್ಯಾಸೆಟ್ಟುಗಳಿಗೆ ಪ್ರಪಂಚದ ಯಾವ ಕೋಶದಲ್ಲೂ ವಿವರ ಇಲ್ಲ. ಅದಕ್ಕೆ ಇದ್ದಿದ್ದು ಅಪ್ಪನದೇ ಒಂದು ನೋಟ್‌ಬುಕ್ಕು. ಅಕ್ಕ ಕಾಲೇಜಲ್ಲಿದ್ದಾಗ ಅದನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದಳು. ಆ ಫೈಲ್ ತೆಗೆದು ನೋಡಿದರೆ ಕನ್ನಡವೇ ಇಲ್ಲ, ಬರೀ ಸೊಟ್ಟಗಿನ ಇಂಗ್ಲಿಷ್ ಚಿಹ್ನೆಗಳು. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಬರೆದಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಅರ್ಥ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯಕ್ಕೆ ಯಾಕೆ ಅಷ್ಟು ತಲೆಕೆಡಿಸಿಕೊಂಡಿದ್ದರು ಅನ್ನೋದು ಆ ಪರದೆ ನೋಡಿದಾಗ ಅರ್ಥ ಆಗುತ್ತೆ. ನಮ್ಮ ಪುಣ್ಯಕ್ಕೆ ಕನ್ನಡದ ಹುಡುಗರು ಮಾಡಿಟ್ಟ ಪರಿವರ್ತಕಗಳಿವೆ. ಒಂದು ನಿಮಿಷದಲ್ಲಿ ಅಪ್ಪನ ಪಟ್ಟಿ ಓದೋ ಹಾಗಾಯ್ತು.

ಆ ವಿವರಗಳನ್ನ ನಾನು ಸರ್ವರಿನೊಳಗೆ ತುಂಬಲಿಲ್ಲ. ಪ್ರತಿ ಆಡಿಯೊ ಫೈಲಿನ ಒಳಗೇ ಟ್ಯಾಗ್ ಆಗಿ ಬರೆದೆ: ನಾಟಕದ ಹೆಸರು, ತಿಂಗಳು, ಇಸವಿ. ಕ್ಯಾಸೆಟ್ ಡಬ್ಬಿಯ ಮೇಲಿನ ಅಪ್ಪನ ಕೈಬರಹದ ಫೋಟೊ ತೆಗೆದು ಅದನ್ನೇ ಪೋಸ್ಟರ್ ಮಾಡಿದೆ. ನಾಳೆ ಯಾವ ತಂತ್ರಾಂಶಕ್ಕೆ ಹೋದರೂ ಫೈಲಿನ ಜೊತೆ ವಿವರವೂ ಹೋಗುತ್ತೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಇಸವಿ ಇಲ್ಲದ ಕ್ಯಾಸೆಟ್ ಬಂದಾಗ ಹಿನ್ನೆಲೆ ಸದ್ದು ಕೇಳಿ ಹೇಳೋಳು: “ಇದು ಹಳೇ ಕುಕ್ಕರ್. ನೀನು ಹುಟ್ಟೋಕೆ ಮುಂಚಿನದ್ದು.”

ಇನ್ನು ಕಷ್ಟದ ಭಾಗ. ಕಂಪನಿ ಮಾಡಿಕೊಡ್ತಿದ್ದಿದ್ದನ್ನೆಲ್ಲ ಈಗ ನೀವೇ ಮಾಡಬೇಕು. ಹೊರಗಿನಿಂದ ನೋಡೋದನ್ನೇ ತಗೊಳ್ಳಿ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ನಿಮ್ಮ ಮನೆಗೇ ಅಂತ ಒಂದು ಪಬ್ಲಿಕ್ ಐಪಿ ವಿಳಾಸ ಇರಲ್ಲ. ಹತ್ತಾರು ಮನೆಗೆ ಒಂದೇ ವಿಳಾಸ, ವಠಾರದ ಒಂದೇ ಗೇಟಿನ ಥರ. ಹೊರಗಿಂದ ನೇರ ಬಾಗಿಲು ತಟ್ಟೋಕೆ ಆಗಲ್ಲ. ಆಗೋ ಕಡೆಯೂ ಸರ್ವರನ್ನ ಇಂಟರ್ನೆಟ್ಟಿಗೆ ಸುಮ್ನೆ ತೆರೆದಿಡೋದು ಕ್ಷೇಮ ಅಲ್ಲ. ನಾನು ಟೇಲ್‌ಸ್ಕೇಲ್ ಬಳಸಿ ನನ್ನ ಫೋನಿಗೂ ಹೊಸಮನೆಗೂ ಒಂದು ಖಾಸಗಿ ದಾರಿ ಮಾಡಿಕೊಂಡೆ. ಅದು ನಿಂತಿರೋದು ವೈರ್‌ಗಾರ್ಡ್ ಅನ್ನೋ ಮುಕ್ತ ತಂತ್ರಜ್ಞಾನದ ಮೇಲೆ, ಆದರೆ ಟೇಲ್‌ಸ್ಕೇಲ್ ಒಂದು ಕಂಪನಿಯೇ. ಇಲ್ಲೂ ಒಂದು ಕೈ ಬೇರೆಯವರ ಹತ್ರ ಇದೆ. ವ್ಯತ್ಯಾಸ ಏನಂದ್ರೆ, ನಾಳೆ ಅದು ನಿಂತರೆ ಬೆಂಗಳೂರಲ್ಲಿ ನನಗೆ ತೊಂದರೆ, ಹೊಸಮನೆಯಲ್ಲಿ ಅಮ್ಮನಿಗೆ ಏನೂ ಆಗಲ್ಲ. ಅಷ್ಟು ಸಾಕು.

ಟಿವಿಯ ಆ್ಯಪ್ ವಿಷಯದಲ್ಲೂ ಕಂಪನಿಯದ್ದೇ ಮೇಲು. ಆಂಡ್ರಾಯ್ಡ್ ಟಿವಿ ಆದರೆ ಜೆಲ್ಲಿಫಿನ್ ಸುಲಭ. ಅಕ್ಕನ ಮನೆಯ ಟಿವಿಯಲ್ಲಿ ಆ್ಯಪ್ ಸಿಗದೆ ಬೇರೆ ಸ್ಟಿಕ್ ಕೊಳ್ಳಬೇಕಾಯ್ತು. ಬ್ಯಾಕಪ್ಪಿಗೆ ಇನ್ನೊಂದು ಡಿಸ್ಕ್ ತಗೊಂಡೆ. ಕರೆಂಟಿನ ಲೆಕ್ಕ ಕೇಳೋರಿಗೆ: ಲ್ಯಾಪ್‌ಟಾಪ್ 15 ವ್ಯಾಟ್ ಅಂತ ಹಿಡಿದರೆ ದಿನವಿಡೀ ಓಡಿದರೂ ತಿಂಗಳಿಗೆ 11 ಯೂನಿಟ್ ದಾಟಲ್ಲ. ‘ಫ್ರೀ ಅಲ್ವಾ’ ಅಂದ್ಕೊಂಡು ಬರೋರಿಗೆ ಇದು ನಿರಾಸೆ. ದುಡ್ಡು ಉಳಿಸೋದೇ ನಿಮ್ಮ ಉದ್ದೇಶ ಆಗಿದ್ರೆ, ಇರೋ ಕಡೆ ಇರಿ.

ಭಾನುವಾರ ಸಂಜೆ ಟಿವಿ ಹಚ್ಚಿದಾಗ ಪರದೆಯಲ್ಲಿ ಮೂರೇ ಸಾಲು: ಅಪ್ಪನ ಕ್ಯಾಸೆಟ್, ಸಿನಿಮಾ, ನಮ್ಮ ವಿಡಿಯೊ. ಅಮ್ಮ ಸ್ವಲ್ಪ ಹೊತ್ತು ನೋಡಿ “ಜಾಹೀರಾತು ಎಲ್ಲೋಯ್ತು?” ಅಂದಳು. ಆಮೇಲೆ ಕೇಳಿದ್ದು ನಿಜವಾದ ಪ್ರಶ್ನೆ. “ಕಂಪನಿಯವರಾದ್ರೆ ಸಾವಿರ ಜನ ಇರ್ತಾರೆ. ಈಗ ಇದಕ್ಕೆ ಇರೋದು ನೀನೊಬ್ಬ. ನಾಳೆ ನಿನಗೇ ಪುರುಸೊತ್ತಿಲ್ಲ ಅಂದ್ರೆ?”

ಮುಕ್ತ ತಂತ್ರಾಂಶದ ಬಗ್ಗೆ ಉತ್ಸಾಹದಿಂದ ಮಾತಾಡೋ ನಾವ್ಯಾರೂ ಈ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಲ್ಲ. ಕಂಪನಿ ಬಿಟ್ಟ ಮೇಲೆ ನಾವೇ ಕಂಪನಿ ಆಗಿಬಿಡ್ತೀವಿ; ಪಾಸ್‌ವರ್ಡ್ ನಮ್ಮ ತಲೆಯಲ್ಲಿ, ರಿಪೇರಿ ನಮ್ಮ ಮರ್ಜಿಯಲ್ಲಿ. ಹಾಗಾದ್ರೆ ಅಮ್ಮನಿಗೆ ಬೀಗ ಬದಲಾಯ್ತೇ ಹೊರತು ಬೀಗದ ಕೈ ಸಿಕ್ಕ ಹಾಗಾಗಲಿಲ್ಲ. ಅದಕ್ಕೇ ಹೊರಡೋ ಮುಂಚೆ ಎರಡು ಕೆಲಸ ಮಾಡಿದೆ. ಎಲ್ಲ ಫೈಲುಗಳೂ ಇರೋ ಎರಡನೇ ಡಿಸ್ಕನ್ನ ಸರ್ವರ್ ಇಲ್ಲದೇನೇ ನೇರ ಟಿವಿಗೆ ಸಿಕ್ಕಿಸಿ ಕೇಳೋದು ಹೇಗೆ ಅಂತ ಅಮ್ಮನ ಕೈಯಲ್ಲೇ ಮಾಡಿಸಿದೆ. ಇನ್ನೊಂದು, ಅಪ್ಪನ ಆ ನೋಟ್‌ಬುಕ್ಕಿನ ಉಳಿದ ಖಾಲಿ ಹಾಳೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟೆ: ಯಾವ ಗುಂಡಿ, ಯಾವ ವೈರು, ಪಾಸ್‌ವರ್ಡ್ ಏನು, ಅಕ್ಕನ ಮಗನಿಗೂ ಅರ್ಥ ಆಗೋ ಹಾಗೆ.

ಏಳು ಸಾಲು ಬರೆದು ಓದಿ ಹೇಳಿದೆ. ಎಂಟನೇ ಸಾಲು ಅಮ್ಮ ಹೇಳಿ ಬರೆಸಿದ್ದು: “ಇದ್ಯಾವುದೂ ಆಗಲಿಲ್ಲ ಅಂದ್ರೆ ಕೆಳಗಿನ ಡ್ರಾಯರಿನಲ್ಲಿ ಟೇಪ್ ರೆಕಾರ್ಡರ್ ಇದೆ. ಕ್ಯಾಸೆಟ್ ಎಸೀಬೇಡಿ.”