ಅವ್ವನ ಟೀಗೆ ಹಾಲು

ನಮ್ಮೂರಲ್ಲಿ ಹಾಲಿಲ್ಲದ ಟೀ ಅಂದ್ರೆ ಬಡತನ. ಹಸು ಬತ್ತಿದಾಗ ಮನೆಯವರಷ್ಟೇ ಕುಡೀತಿದ್ದ ಟೀ ಅದು. ಅಂಥ ಹೊತ್ತಲ್ಲಿ ನೆಂಟರು ಬಂದುಬಿಟ್ಟರೆ ಲೋಟ ಹಿಡ್ಕೊಂಡು ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಓಡೋದು ನನ್ನ ಕೆಲಸ. ಮಂಡ್ಯ ಕಡೆಯ ಆ ಹಳ್ಳಿಯಿಂದ ಬಂದು, ಬಿ.ಇ. ಮುಗಿಸಿ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ ನೋಡಿದ್ರೆ, ಅದೇ ಟೀಗೆ ಇಲ್ಲಿ ಬ್ಲ್ಯಾಕ್ ಟೀ ಅಂತ ಹೆಸರು. ಕುಡಿಯೋರಿಗೆ ಆರೋಗ್ಯದ ಕಾಳಜಿ ಜಾಸ್ತಿ ಅಂತ ಅರ್ಥ!

ಎರಡು ವರ್ಷದ ಹಿಂದೆ ಅವ್ವನಿಗೆ ಸುಸ್ತು ಶುರುವಾಯ್ತು. ಬಿ.ಪಿ. ಬೇರೆ ಸ್ವಲ್ಪ ಜಾಸ್ತಿ ಇತ್ತು. ಫೋನ್ ಮಾಡಿದ್ರೆ "ವಯಸ್ಸಾಯ್ತಲ್ಲ ಮಗ" ಅನ್ನೋಳು. ದಿನಕ್ಕೆ ಐದಾರು ಲೋಟ ಟೀ ಕುಡೀತಾಳೆ ಅನ್ನೋದು ನನಗೆ ಗೊತ್ತಿತ್ತು. ಸರಿ, ಓದಿದ ಮಗ ಅಲ್ವಾ, ಹುಡುಕೋಕೆ ಕೂತೆ.

ಸಿಕ್ಕಿದ್ದು 2007ರ ಒಂದು ಸಂಶೋಧನೆ. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ವಿಜ್ಞಾನಿಗಳು 16 ಜನ ಹೆಂಗಸರಿಗೆ ಒಮ್ಮೆ ಬರೀ ಟೀ, ಒಮ್ಮೆ ಹಾಲು ಹಾಕಿದ ಟೀ, ಒಮ್ಮೆ ಬಿಸಿನೀರು ಕೊಟ್ಟು ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತೆ ಅಂತ ಅಳೆದರು. ಬರೀ ಟೀ ಕುಡಿದಾಗ ನಾಳ ಚೆನ್ನಾಗಿ ಹಿಗ್ಗಿತು. ಹಾಲು ಬೆರೆಸಿದಾಗ ಆ ಲಾಭ ಕಾಣಲಿಲ್ಲ. ಹಾಲಿನ ಕೇಸಿನ್ ಅನ್ನೋ ಪ್ರೋಟೀನು ಟೀಯಲ್ಲಿರೋ ಕ್ಯಾಟೆಚಿನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತೆ ಅನ್ನೋದು ಅವರು ಕೊಟ್ಟ ಕಾರಣ.

ಅಷ್ಟು ಸಾಕಿತ್ತು ನನಗೆ. ಊರಿಗೆ ಹೋದವನೇ ಅವ್ವನ ಟೀಗೆ ಹಾಲು ಬಂದ್ ಮಾಡಿಸಿದೆ. ಒಂದು ಗುಟುಕು ಕುಡಿದು ಮುಖ ಕಿವುಚಿ, "ಏನ್ಲಾ ಮಗ ಇದು, ಕಲಗಚ್ಚು ಕುಡ್ದಂಗದೆ" ಅಂದಳು. ಆದ್ರೂ ಮಗ ಓದಿದೋನು, ಹೇಳ್ತಾವ್ನೆ ಅಂದ್ರೆ ಇರ್ಬೇಕು ಅಂತ ಒಪ್ಪಿಕೊಂಡಳು.

ನಾಲ್ಕು ತಿಂಗಳು ಕಳೀತು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಗೆ ಕರ್ಕೊಂಡು ಹೋದೆ. ಹಿಮೋಗ್ಲೋಬಿನ್ 8.5. ಹೆಂಗಸರಿಗೆ 12 ಆದ್ರೂ ಇರಬೇಕು.

ಡಾಕ್ಟರಮ್ಮ ಬೇರೆ ಕಾರಣ ಏನಾದ್ರೂ ಇದ್ಯಾ ಅಂತ ನೋಡೋಕೆ ಒಂದಷ್ಟು ಟೆಸ್ಟ್ ಬರೆದು, ಅವ್ವನ್ನ ವಿಚಾರಿಸೋಕೆ ಶುರು ಮಾಡಿದರು. "ಬೆಳಿಗ್ಗೆ ಏನ್ ತಿಂತೀರಮ್ಮ?" "ಟೀ ಕುಡಿತೀನಿ." "ತಿನ್ನೋದು?" "ಟೀ ಕುಡಿದ್ರೆ ಹಸಿವಾಗಲ್ಲ ಕಣವ್ವ." ಮಧ್ಯಾಹ್ನ ಮುದ್ದೆ ಉಂಡ ತಕ್ಷಣ ಇನ್ನೊಂದು ಲೋಟ. ಹಿಂದೆ ಯಾವಾಗಲೋ ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನೂ ಟೀ ಜೊತೆಗೇ ನುಂಗ್ತಿದ್ದಳಂತೆ!

ಡಾಕ್ಟರು ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಸೊಪ್ಪು, ಕಾಳು, ರಾಗಿಯಲ್ಲಿರೋ ಕಬ್ಬಿಣ ಮೊದಲೇ ಮೈಗೆ ಕಷ್ಟಪಟ್ಟು ಹತ್ತೋದು. ಊಟದ ಜೊತೆ ಟೀ ಕುಡಿದ್ರೆ ಅದರ ಒಗರಿನ ಅಂಶ ಆ ಕಬ್ಬಿಣಕ್ಕೆ ಅಂಟಿಕೊಂಡು ಇನ್ನಷ್ಟು ಕಮ್ಮಿ ಮಾಡುತ್ತೆ. ಊಟಕ್ಕೂ ಟೀಗೂ ಮಧ್ಯೆ ಒಂದು ಗಂಟೆ ಆದ್ರೂ ಬಿಡಬೇಕು. ನಿಂಬೆಹಣ್ಣು ಹಿಂಡಿಕೊಂಡ್ರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ನಾನು ಕೇಸಿನ್ನು, ಕ್ಯಾಟೆಚಿನ್ನು ಅಂತ ಬಾಯಿ ತೆರೆಯೋಕೆ ಹೋಗಿ ಸುಮ್ಮನಾದೆ.

ಬಗ್ ಇದ್ದಿದ್ದು ಒಂದು ಕಡೆ, ನಾನು ತಿದ್ದಿದ್ದು ಇನ್ನೊಂದು ಕಡೆ. ತಿದ್ದೋಕೆ ಮುಂಚೆ ಪೂರ್ತಿ ಓದಿಯೂ ಇರಲಿಲ್ಲ. ಬರ್ಲಿನ್‌ನವರು ಬೆರೆಸಿದ್ದು ಕೆನೆ ತೆಗೆದ ಹಾಲು, ಅದೂ ನೂರಕ್ಕೆ ಹತ್ತು ಭಾಗ. ಹಾಲು, ಸಕ್ಕರೆ, ಸೊಪ್ಪು ಎಲ್ಲ ಒಟ್ಟಿಗೆ ಹಾಕಿ ಕುದಿಸೋ ನಮ್ಮ ಟೀ ಅದಲ್ಲ. 1998ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಹಾಲು ಹಾಕಿದ್ರೂ ಹಾಕದಿದ್ರೂ ರಕ್ತಕ್ಕೆ ಸೇರಿದ ಕ್ಯಾಟೆಚಿನ್ ಹೆಚ್ಚೂಕಮ್ಮಿ ಅಷ್ಟೇ ಇತ್ತು. ಅಂದ್ರೆ ವಿಜ್ಞಾನಿಗಳೇ ಇನ್ನೂ ಇತ್ಯರ್ಥ ಮಾಡದ ವಿಷಯಕ್ಕೆ ನಾನು ತೀರ್ಪು ಕೊಟ್ಟುಬಿಟ್ಟಿದ್ದೆ.

ಇದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಕರೆದ ಹಾಲೆಲ್ಲ ಎರಡು ಹೊತ್ತೂ ಡೈರಿಗೆ ಹೋಗುತ್ತೆ. ಅವ್ವನ ಹೊಟ್ಟೆಗೆ ಅಂತ ಬೀಳ್ತಿದ್ದ ಹಾಲು ಆ ಟೀಯಲ್ಲಿ ಇದ್ದಷ್ಟೇ. ಅದನ್ನೂ ನಾನು ಬಿಡಿಸಿದ್ದೆ. ಹಾಗೆ ಮಿಕ್ಕಿದ್ದಕ್ಕೆ ಹೆಪ್ಪು ಹಾಕಿ, ಬೆಣ್ಣೆ ತೆಗೆದು, ತುಪ್ಪ ಕಾಸಿ ಬೆಂಗಳೂರಿಗೆ ಕಳಿಸ್ತಿದ್ದಳು. ಆ ನಾಲ್ಕು ತಿಂಗಳೂ ನಾನು ಆರಾಮಾಗಿ ತುಪ್ಪ ತಿಂದಿದ್ದೇನೆ.

ಈಗ ಅವ್ವನಿಗೆ ದಿನಕ್ಕೆ ಎರಡೇ ಟೀ. ಹಾಲು ಹಾಕಿದ್ದೇ, ಸಕ್ಕರೆ ಸ್ವಲ್ಪ ಕಮ್ಮಿ, ಊಟವಾಗಿ ಗಂಟೆ ಕಳೆದ ಮೇಲೆ. ಹಿಮೋಗ್ಲೋಬಿನ್ 11 ದಾಟಿದೆ. ಮೊದಲು ಫೋನ್ ಮಾಡಿದಾಗ "ಟೀ ಆಯ್ತಾ ಅವ್ವ?" ಅಂತಿದ್ದೆ. ಈಗ "ಏನ್ ತಿಂದೆ?" ಅಂತ ಕೇಳ್ತೀನಿ.

"ತಿಂದೆ ಕಣಪ್ಪ, ಬಿಲ್ ಕೊಡ್ಬೇಕಾ ನಿಂಗೆ?" ಅಂತ ರೇಗ್ತಾಳೆ. ರೇಗೋಷ್ಟು ಶಕ್ತಿ ಬಂದಿದೆಯಲ್ಲ, ಸದ್ಯ.