ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ತಿಂಗಳು ಅಟ್ಟವನ್ನು ಖಾಲಿ ಮಾಡುವ ಸಂದರ್ಭ ಬಂತು. ಹಳೆಯ ಪಠ್ಯಪುಸ್ತಕಗಳ ಕಟ್ಟು, ಹಿತ್ತಾಳೆಯ ಹಂಡೆ, ಮೊಮ್ಮಗಳ ತೊಟ್ಟಿಲು, ಇವುಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಭಾರವಾದ ಪೆಟ್ಟಿಗೆಯೊಂದು ಸಿಕ್ಕಿತು. ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವರಿಗೆ ಅದರ ನೆನಪಿರಬಹುದು. ಅದು ನಮ್ಮ ಶಾಲೆಯ ವಾಲ್ವು ಆಂಪ್ಲಿಫಯರ್. ನಮ್ಮೆಲ್ಲರ ಬಾಯಲ್ಲಿ 'ಮೈಕ್ ಸೆಟ್ಟು'. 1986ರಲ್ಲಿ ಶಾಲೆಯ ನಿರುಪಯುಕ್ತ ಸಾಮಾನುಗಳನ್ನು ಹರಾಜು ಹಾಕಿದಾಗ ಗುಜರಿಯ ಬೆಲೆಗೆ ನಾನೇ ಅದನ್ನು ಕೊಂಡಿದ್ದೆ. ಮಾಲೂರಿಗೆ ವರ್ಗವಾದಾಗ, ಅಲ್ಲಿಂದ ಮುಳಬಾಗಿಲಿಗೆ ಹೋದಾಗ, 2006ರಲ್ಲಿ ನಿವೃತ್ತನಾಗಿ ಕೋಲಾರದಲ್ಲಿ ನೆಲೆಸಿದಾಗ, ಪ್ರತಿ ಸಲವೂ ಅದು ನಮ್ಮ ಜೊತೆ ಲಾರಿ ಹತ್ತಿ ಇಳಿಯಿತು. "ಕೆಟ್ಟ ಪೆಟ್ಟಿಗೆಯನ್ನು ಯಾಕೆ ಹೊತ್ತು ತಿರುಗುತ್ತೀರಿ?" ಎಂದು ನನ್ನ ಶ್ರೀಮತಿ ಕೇಳಿದಾಗಲೆಲ್ಲ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಉತ್ತರ ನನಗೆ ಗೊತ್ತಿತ್ತು, ಹೇಳಲು ನಾಚಿಕೆಯಾಗುತ್ತಿತ್ತು.

1978ರ ಗಣರಾಜ್ಯೋತ್ಸವದ ದಿನ. ಧ್ವಜಾರೋಹಣ, ಪ್ರಾರ್ಥನೆ, ಸ್ವಾಗತ ಎಲ್ಲವೂ ಸಾಂಗವಾಗಿ ನಡೆದು ಮುಖ್ಯ ಅತಿಥಿಗಳ ಭಾಷಣ ಆರಂಭವಾಗಿತ್ತು. ಮೈಕ್ ಸೆಟ್ಟಿನ ಉಸ್ತುವಾರಿಗೆ ಹತ್ತನೆಯ ತರಗತಿಯ ಒಬ್ಬ ಹುಡುಗನನ್ನು ನೇಮಿಸಿದ್ದೆ. ಮಾವಿನ ತೋಪಿನಲ್ಲಿ ಕೂಲಿ ಮಾಡುತ್ತಿದ್ದವರ ಮಗ. ತಂತಿ, ಬ್ಯಾಟರಿ, ಬಲ್ಬು ಎಂದರೆ ಪ್ರಾಣ. ಭಾಷಣ ಅರ್ಧ ಗಂಟೆ ದಾಟಿದಾಗ ಅವನು ಬಗ್ಗಿಕೊಂಡು ನನ್ನ ಕುರ್ಚಿಯ ಬಳಿ ಬಂದು, "ಸಾ, ಬಲಗಡೆ ವಾಲ್ವು ಒಂದೇ ಜಾಸ್ತಿ ಕೆಂಪಗಾಗ್ತಾ ಐತೆ ಸಾ" ಎಂದು ಪಿಸುಗುಟ್ಟಿದ. "ವಾಲ್ವು ಕೆಂಪಗಿರದೆ ಕಪ್ಪಗಿರುತ್ತದೇನೋ?" ಎಂದೆ. ಸುತ್ತಲಿದ್ದ ಮಕ್ಕಳು ನಕ್ಕರು. ಅವನು ಹಿಂತಿರುಗಿದ. ಐದು ನಿಮಿಷದಲ್ಲಿ ಪೆಟ್ಟಿಗೆಯಿಂದ ಹೊಗೆ ಎದ್ದಿತು, ದನಿ ನಿಂತಿತು, ಅತಿಥಿಗಳು ಉಳಿದ ಭಾಷಣವನ್ನು ಬರಿಗಂಟಲಿನಲ್ಲಿ ಮುಗಿಸಬೇಕಾಯಿತು.

ನನಗಾದ ಅವಮಾನಕ್ಕೆ ಯಾರಾದರೂ ಹೊಣೆಯಾಗಬೇಕಿತ್ತು. "ಬೇಡವೆಂದರೂ ವಾಲ್ಯೂಮ್ ಏರಿಸಿದ್ದೀಯೆ" ಎಂದು ಆ ಹುಡುಗನನ್ನು ಎಲ್ಲರೆದುರು ಗದರಿಸಿ, ರಿಪೇರಿಯ 15 ರೂಪಾಯಿಯನ್ನು ಅವನೇ ತರಬೇಕೆಂದು ಹೇಳಿದೆ. ಅವರ ಮನೆಗೆ ಅದು ಹಲವು ದಿನಗಳ ಸಂಪಾದನೆ. ಅವನು ನಾಲ್ಕು ಕಂತಿನಲ್ಲಿ, ಹೆಚ್ಚಿನದನ್ನು ಚಿಲ್ಲರೆಯಲ್ಲಿ, ತಂದುಕೊಟ್ಟ. ರಿಪೇರಿಯವರು ಸುಟ್ಟಿದ್ದ ಒಂದು ರೆಸಿಸ್ಟರನ್ನು ಬದಲಿಸಿಕೊಟ್ಟರು. ಆಗಸ್ಟ್ 15ರಂದು ಅದೇ ರೆಸಿಸ್ಟರ್ ಮತ್ತೆ ಸುಟ್ಟಿತು. ಅಷ್ಟರಲ್ಲಿ ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಶಾಲೆ ಬಿಟ್ಟಿದ್ದ. ಮೈಕಿನ ಬಳಿ ಅವನಿಲ್ಲದಿದ್ದರೂ ಸುಟ್ಟಿತಲ್ಲ ಎಂಬ ಯೋಚನೆ ಆ ದಿನವೇ ನನ್ನ ತಲೆಯಲ್ಲಿ ಹೊಕ್ಕಿತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಶಾಲೆಗೆ ಹೊಸ ಟ್ರಾನ್ಸಿಸ್ಟರ್ ಸೆಟ್ಟು ಬಂತು, ಹಳೆಯದು ಉಗ್ರಾಣ ಸೇರಿತು.

ಈಗ ಎಪ್ಪತ್ತೇಳರ ವಯಸ್ಸಿನಲ್ಲಿ ಅದನ್ನು ಬಿಚ್ಚಿ ಕುಳಿತೆ. ಒಳಗಿನ ರಚನೆ ಸರಳ. ಕೊನೆಯ ಹಂತದಲ್ಲಿ ಎಡಕ್ಕೊಂದು ಬಲಕ್ಕೊಂದು ಇಎಲ್ 84 ವಾಲ್ವು. ಗಾಜಿನ ಮೇಲೆ ಬಿ.ಇ.ಎಲ್. ಎಂಬ ಮುದ್ರೆ ಇನ್ನೂ ಮಾಸಿಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಅರವತ್ತರ ದಶಕದಲ್ಲಿ ಇಂತಹ ವಾಲ್ವುಗಳನ್ನು ನಮ್ಮ ಜಾಲಹಳ್ಳಿಯಲ್ಲಿಯೇ ತಯಾರಿಸುತ್ತಿತ್ತು. ಬಲಗಡೆ ವಾಲ್ವಿನ ಕ್ಯಾಥೋಡಿಗೆ ಜೋಡಿಸಿದ್ದ ರೆಸಿಸ್ಟರ್ ಇದ್ದಿಲಾಗಿತ್ತು; ಅದರ ಮೇಲಿನ ಬಣ್ಣದ ಪಟ್ಟೆಗಳೂ ಓದಲು ಬರುವಂತಿರಲಿಲ್ಲ. ಆದರೆ ಎಡಗಡೆಯದು ಅದರ ಅವಳಿ. ಅಲ್ಲಿ ಕೆಂಪು, ನೇರಳೆ, ಕಂದು ಸ್ಪಷ್ಟವಾಗಿದ್ದವು. ನಾನು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಲೆಕ್ಕ ನಿಮಗೆ ನೆನಪಿದ್ದರೆ, ಅದು 270 ಓಮ್. ಕೆಟ್ಟ ಅರ್ಧಕ್ಕೆ ಸರಿಯಾದ ಅರ್ಧವೇ ಕೈಪಿಡಿ.

ಹೊಸ ರೆಸಿಸ್ಟರ್ ಬೆಸೆದು, ದೀರ್ಘಕಾಲ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ಪೂರ್ಣ ವಿದ್ಯುತ್ ಕೊಡಬಾರದೆಂದು 60 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಮೊದಲು ಚಾಲೂ ಮಾಡಿದೆ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ದೊಡ್ಡ ಶಾರ್ಟ್ ಇಲ್ಲವೆಂದು ತಿಳಿಯಿತು. ಆಮೇಲೆ ನೇರ ಸಂಪರ್ಕ. (ಮಕ್ಕಳು ಇದನ್ನು ಓದಿ ಪ್ರಯೋಗಕ್ಕಿಳಿಯಬಾರದು. ಇದರೊಳಗೆ 300 ವೋಲ್ಟ್‌ನಷ್ಟು ನೇರ ವಿದ್ಯುತ್ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ.) ಎರಡೂ ಕ್ಯಾಥೋಡುಗಳಲ್ಲಿ 11 ವೋಲ್ಟ್ ತೋರಿಸಿತು. ಓಮ್‌ನ ನಿಯಮದಂತೆ ಹರಿವು ಸುಮಾರು 40 ಮಿಲಿಆಂಪಿಯರ್. ರೆಸಿಸ್ಟರಿನ ಮೇಲೆ ಅರ್ಧ ವ್ಯಾಟ್ ಭಾರವೂ ಇಲ್ಲ. ರಿಪೇರಿಯಾಯಿತೆಂದು ಹಿಗ್ಗಿದೆ. ಇಪ್ಪತ್ತು ನಿಮಿಷ ಕಳೆದಾಗ ಬಲಗಡೆಯ ಮುಳ್ಳು ಮೇಲೇರತೊಡಗಿತು. 14, 18, ಕೊನೆಗೆ 24. ಅಂದರೆ ಸುಮಾರು 90 ಮಿಲಿಆಂಪಿಯರ್. ಒಂದು ವ್ಯಾಟ್ ತಡೆಯಬಲ್ಲ ರೆಸಿಸ್ಟರಿನ ಮೇಲೆ ಎರಡು ವ್ಯಾಟಿಗೂ ಮೀರಿದ ಭಾರ.

ಸ್ವಿಚ್ ಆರಿಸಲು ಕೈ ಚಾಚಿದವನು ವಾಲ್ವಿನ ಕಡೆ ನೋಡಿದೆ. ಒಳಗಿನ ತಂತುವಿನ ಕಿತ್ತಳೆ ಬೆಳಕು ಎರಡರಲ್ಲಿಯೂ ಇತ್ತು, ಅದು ಸಹಜ. ಆದರೆ ಬಲಗಡೆಯದರಲ್ಲಿ ಹೊರಗಿನ ಬೂದುಬಣ್ಣದ ಲೋಹದ ತಗಡೇ ಕುಲುಮೆಯ ಕಬ್ಬಿಣದಂತೆ ಕೆಂಪಗಾಗಿತ್ತು. ಹಾಗೆ ಎಂದೂ ಆಗಕೂಡದು. ಆ ಹುಡುಗ ಅಂದು ಕಂಡದ್ದು ಇದನ್ನೇ. ಬಲಗಡೆ. ಒಂದೇ. ಜಾಸ್ತಿ. ಮೂರು ಪದಗಳಲ್ಲಿ ರೋಗದ ಲಕ್ಷಣವನ್ನು ಅವನು ನನಗೆ ಹೇಳಿದ್ದ. ನಾನು ವ್ಯಂಗ್ಯವಾಡಿದ್ದೆ.

ಮರುದಿನ ಕ್ರಮವಾಗಿ ಶೋಧಿಸಿದೆ. ಮೊದಲ ಗುಮಾನಿ ವಾಲ್ವಿನ ಮೇಲೆಯೇ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಆಗಲೂ ಬಲಗಡೆಯದೇ ಕಾದಿತು. ಆದ್ದರಿಂದ ವಾಲ್ವು ನಿರಪರಾಧಿ. ಮುಂದಿನ ಗುಮಾನಿ ಮನೆಯ ವೋಲ್ಟೇಜ್. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು 1902ರಲ್ಲಿಯೇ ಕೆ.ಜಿ.ಎಫ್. ಗಣಿಗೆ ವಿದ್ಯುತ್ ತಂದರೆಂದು ಹೆಮ್ಮೆಯಿಂದ ಪಾಠ ಮಾಡುತ್ತಿದ್ದ ನಾನು, ಪಂಪ್‌ಸೆಟ್ಟುಗಳು ಓಡತೊಡಗಿದೊಡನೆ ನಮ್ಮ ಶಾಲೆಯ ಬಲ್ಬುಗಳು ಮಿಣುಕುವುದನ್ನೂ ಕಂಡವನು. ಆದರೆ ವೋಲ್ಟೇಜಿನ ದೋಷವಾದರೆ ಎರಡು ವಾಲ್ವುಗಳಿಗೂ ತಟ್ಟಬೇಕಲ್ಲ? ಅದನ್ನೂ ಬಿಟ್ಟೆ.

ಬಲಗಡೆಯ ವಾಲ್ವನ್ನು ಪೂರ್ತಿ ಕಿತ್ತು, ಯಂತ್ರ ಬಿಸಿಯಾಗುವವರೆಗೆ ಕಾದು, ಖಾಲಿ ಸಾಕೆಟ್ಟಿನ ಎರಡನೆಯ ಪಿನ್ನಿಗೆ, ಅಂದರೆ ಗ್ರಿಡ್ಡಿಗೆ, ಮೀಟರಿನ ಕಡ್ಡಿ ಮುಟ್ಟಿಸಿದೆ. ಅಲ್ಲಿ ಸೊನ್ನೆ ಇರಬೇಕು. 12 ವೋಲ್ಟ್ ಇತ್ತು. ಎಡಗಡೆಯನ್ನು ಹೀಗೆಯೇ ಪರೀಕ್ಷಿಸಿದಾಗ ಸೊನ್ನೆ. ಹಿಂದಿನ ಹಂತದಿಂದ ಗ್ರಿಡ್ಡಿಗೆ ದನಿಯನ್ನು ಮಾತ್ರ ಬಿಟ್ಟು ನೇರ ವಿದ್ಯುತ್ತನ್ನು ತಡೆಯಬೇಕಾದ ಕಾವಲುಗಾರನೆಂದರೆ ಮೇಣ ಮೆತ್ತಿದ ಕಾಗದದ ಒಂದು ಕೆಪಾಸಿಟರ್. ಅದರ ಒಂದು ಕಾಲನ್ನು ಬಿಡಿಸಿದೊಡನೆ ಮುಳ್ಳು ಸೊನ್ನೆಗೆ ಇಳಿಯಿತು. ಕಾಗದ ವರ್ಷಗಳಿಂದ ತೇವ ಹೀರಿ ನಿರೋಧಕ ಶಕ್ತಿ ಕಳೆದುಕೊಂಡಿತ್ತು. ತಣ್ಣಗಿದ್ದಾಗ ಸಭ್ಯ, ಬಿಸಿಯಾದಂತೆ ಸೋರಿಕೆ. ಸ್ವಾಗತ ಭಾಷಣಕ್ಕೆ ಕೈಕೊಡದ ಯಂತ್ರ ಮುಖ್ಯ ಅತಿಥಿಗಳ ಭಾಷಣಕ್ಕೆ ಕೈಕೊಟ್ಟದ್ದು ಇದರಿಂದಲೇ. ಕೆಪಾಸಿಟರ್ ಸೋರಿತು, ಗ್ರಿಡ್ ಧನಾತ್ಮಕವಾಯಿತು, ವಾಲ್ವು ಮಿತಿಮೀರಿ ಹರಿಸಿತು, ರೆಸಿಸ್ಟರ್ ಸುಟ್ಟಿತು. ವಾಲ್ಯೂಮ್ ಗುಂಡಿಗೂ ಇದಕ್ಕೂ ಸಂಬಂಧವೇ ಇಲ್ಲ. ತಪ್ಪಿತಸ್ಥ ಕೆಪಾಸಿಟರಿನ ಮೈಮೇಲೆ ಒಂದು ಕಲೆಯೂ ಇರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಗ ಎರಡು ಪಾಲಿಯೆಸ್ಟರ್ ಕೆಪಾಸಿಟರ್ ತಂದುಕೊಟ್ಟ. ಎರಡಕ್ಕೂ ಸೇರಿ ಎರಡು ಲೋಟ ಕಾಫಿಯ ಬೆಲೆಯಾಗಲಿಲ್ಲ. ಎಡಗಡೆಯದೂ ಅದೇ ವಯಸ್ಸಿನದಾದ್ದರಿಂದ ಎರಡನ್ನೂ ಬದಲಿಸಿದೆ. ಮೂರು ಗಂಟೆ ಹಾಡಿಸಿ ನೋಡಿದೆ; ಎರಡೂ ಕಡೆ 11 ವೋಲ್ಟ್, ಅಲುಗಾಡಲಿಲ್ಲ.

'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆಯನ್ನು ಎಷ್ಟೋ ವರ್ಷ ನಿಮಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ, ಅಂಕ ಹಾಕಿದ್ದೇನೆ. ವಿಜ್ಞಾನದ ಮೇಷ್ಟ್ರಾಗಿದ್ದವನು ಅಂದು ಒಂದು ಮೀಟರ್ ಹಿಡಿದು ಅರ್ಧ ದಿನ ಕುಳಿತಿದ್ದರೆ ಸಾಕಿತ್ತು. ಅದಕ್ಕೂ ಮೊದಲು, ಮಗು ಏನು ಕಂಡೆ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಆ ದಿನದ ನಂತರ ಅವನು ನನ್ನ ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ. ಅದನ್ನು ನಾನು ಗಮನಿಸಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಆ ಸಾಲಿನವರು ಕೆಲವರು ಈ ಬರಹಗಳನ್ನು ಓದುತ್ತೀರಿ. ಅವನ ಹೆಸರು ಬರೆಯುವುದಿಲ್ಲ; ನಿಮಗೆ ಗೊತ್ತಾಗುತ್ತದೆ. ಅವನು ಎಲ್ಲಿದ್ದಾನೆಂದು ತಿಳಿದಿದ್ದರೆ ಇಷ್ಟು ತಿಳಿಸಿ: ನೀನು ಹೇಳಿದ್ದು ಸರಿ, ಮೇಷ್ಟ್ರದ್ದು ತಪ್ಪು. ಅವನು ಕೋಲಾರದ ಕಡೆ ಬಂದರೆ ಮನೆಗೆ ಬರಲಿ. 15 ರೂಪಾಯಿಯನ್ನು ಹಿಂದಿರುಗಿಸಬೇಕಾಗಿದೆ. ಅವನಿಗೆ ಇಷ್ಟವಿದ್ದರೆ ಆ ಪೆಟ್ಟಿಗೆಯನ್ನೂ ಒಯ್ಯಬಹುದು.