ಹೂಡೆಯಿಂದ ಕಾಣುವ ತೋನ್ಸೆಪಾರ್

ಉಡುಪಿಗೆ ಬಂದವರು ಮಲ್ಪೆಗೆ ಹೋಗ್ತಾರೆ, ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗ್ತಾರೆ, ಕಲ್ಲಿನ ಕಂಬಗಳ ಮುಂದೆ ಫೋಟೋ ತೆಗೆದು ವಾಪಸ್ ಬರ್ತಾರೆ. ತಪ್ಪೇನಿಲ್ಲ, ನಾನೂ ಹೋಗಿದ್ದೇನೆ. ಆದರೆ ಒಮ್ಮೆ ಸ್ವಲ್ಪ ಬಡಗಿಗೆ, ಕೆಮ್ಮಣ್ಣು ದಾಟಿ ಹೂಡೆಗೆ ಬನ್ನಿ. ಇಲ್ಲಿ ಮಲ್ಪೆಯ ಗದ್ದಲ ಇಲ್ಲ. ಮೋಡ ಇಲ್ಲದ ದಿನ ಪಡುವಣದಲ್ಲಿ ಆ ದ್ವೀಪ ಗೆರೆ ಎಳೆದ ಹಾಗೆ ಕಾಣುತ್ತದೆ.

ಇಲ್ಲಿನವರ ಬಾಯಲ್ಲಿ ಅದಕ್ಕೆ ಇನ್ನೊಂದು ಹೆಸರು ಉಂಟು: ತೋನ್ಸೆಪಾರ್. ಹೂಡೆ ಇರುವುದು ಪಡುತೋನ್ಸೆ ಗ್ರಾಮದಲ್ಲಿ. ಅಂದರೆ ದ್ವೀಪ ಈ ಊರಿನ ಹೆಸರನ್ನೇ ಹೊತ್ತುಕೊಂಡಿದೆ. ಆದರೆ ಮ್ಯಾಪಿನಲ್ಲಿ, ಟಿಕೆಟಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಎಲ್ಲ ಕಡೆ ಸೇಂಟ್ ಮೇರೀಸ್. ಈ ಎರಡನೇ ಹೆಸರು ಎಲ್ಲಿಂದ ಬಂತು ಅಂತ ಹುಡುಕಲು ಹೋಗಿ ನಾನು ಒಂದು ಹಳೇ ದಿನಚರಿಯೊಳಗೆ ಸಿಕ್ಕಿಹಾಕಿಕೊಂಡೆ.

ನೆಟ್‌ನಲ್ಲಿ ಹುಡುಕಿದರೆ ಸಿಗುವ ಕಥೆ ಸರಳ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದ, ಶಿಲುಬೆ ನೆಟ್ಟ, ಮೇರಿಯ ಹೆಸರಿಟ್ಟ. ಆ ಯಾನದಲ್ಲಿ ಹಡಗಿನಲ್ಲೇ ಇದ್ದ ಒಬ್ಬ ಬರೆದಿಟ್ಟ ದಿನಚರಿ ಬೇರೆಯೇ ಹೇಳುತ್ತದೆ. ಬರೆದವನು ಆಲ್ವಾರೊ ವೆಲ್ಯು ಎಂದು ಸಾಮಾನ್ಯವಾಗಿ ನಂಬಲಾಗಿದೆ, ಆದರೆ ಪುಸ್ತಕದಲ್ಲಿ ಹೆಸರಿಲ್ಲ. ಅದರ ಹಸ್ತಪ್ರತಿ ಪೋರ್ಚುಗಲ್ಲಿನ ಪೋರ್ತೊ ನಗರದ ಗ್ರಂಥಾಲಯದಲ್ಲಿದೆ. ಅಚ್ಚಾದದ್ದು 1838ರಲ್ಲಿ.

ಅದರ ಪ್ರಕಾರ ಗಾಮ ಮೇ ತಿಂಗಳಲ್ಲಿ ಆಫ್ರಿಕಾದ ಮಲಿಂದಿಯಿಂದ ಕಡಲು ದಾಟಿ ನೇರ ಕಲ್ಲಿಕೋಟೆಯ ಕಡೆಗೇ ಬಂದ. ಅಲ್ಲಿ ಸಾಮೂತಿರಿಯ ಜೊತೆ ಹೊಂದಾಣಿಕೆ ಆಗಲಿಲ್ಲ. ಆಗಸ್ಟ್ ಕೊನೆಗೆ ಜಗಳ ಮಾಡಿಕೊಂಡೇ ಹೊರಟ, ಹೊರಡುವಾಗ ಅಲ್ಲಿನ ಕೆಲವರನ್ನು ಹಡಗಲ್ಲಿ ಹಿಡಿದಿಟ್ಟುಕೊಂಡ. ಕರಾವಳಿಯುದ್ದಕ್ಕೂ ಬಡಗಿಗೆ ತೇಲುತ್ತಾ ಬಂದು, ಸೆಪ್ಟೆಂಬರ್ 15ರ ಶನಿವಾರ ನೆಲದಿಂದ ಸ್ವಲ್ಪ ದೂರದ ನಡುಗುಡ್ಡೆಗಳ ಹತ್ತಿರ ಬಂದ. ಅಂದರೆ ಬರುವಾಗ ಅಲ್ಲ, ಮರಳಿ ಹೋಗುವಾಗ. ನೆಟ್ಟದ್ದು ಕಲ್ಲಿನ ಕಂಬ. ಪೋರ್ಚುಗಲ್ ರಾಜ ಮೂರು ಕಂಬ ಕೊಟ್ಟು ಕಳಿಸಿದ್ದ. ಒಂದು ಆಫ್ರಿಕಾದಲ್ಲಿ, ಒಂದು ಕಲ್ಲಿಕೋಟೆಯಲ್ಲಿ ಖರ್ಚಾಗಿತ್ತು. ಉಳಿದ ಮೂರನೆಯದಕ್ಕೆ ಮೊದಲೇ ಸಾಂತಾ ಮರಿಯಾ ಎಂದು ಹೆಸರು ಗೊತ್ತಾಗಿತ್ತು. ಅದನ್ನು ನೆಟ್ಟ ಜಾಗಕ್ಕೂ ಅದೇ ಹೆಸರಾಯಿತು. ನಮ್ಮ ದ್ವೀಪವನ್ನು ನೋಡಿ ಇಟ್ಟ ಹೆಸರೇ ಅಲ್ಲ ಮಾರಾಯ್ರೆ, ಲಿಸ್ಬನ್ನಿಂದ ಪ್ಯಾಕ್ ಆಗಿ ಬಂದದ್ದು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ನಾಲ್ಕೈದು ಸಾಲು. ಮೀನು ತುಂಬಿದ ದೋಣಿಗಳು ಹಡಗಿನ ಬಳಿ ಬಂದವಂತೆ. ಗಾಮ ಆ ಮೀನುಗಾರರಿಗೆ ಅಂಗಿಗಳನ್ನು ಉಡುಗೊರೆ ಕೊಟ್ಟು ಖುಷಿಪಡಿಸಿದನಂತೆ. ಈ ನಡುಗುಡ್ಡೆಯಲ್ಲಿ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದನಂತೆ. ಅವರು ಬಹಳ ಸಂತೋಷ ಎಂದರಂತೆ, ಯಾಕೆಂದರೆ ಕಂಬ ನೆಟ್ಟರೆ ಬಂದವರೂ ತಮ್ಮ ಹಾಗೆಯೇ ಕ್ರೈಸ್ತರು ಎನ್ನುವುದು ಖಾತ್ರಿಯಾಗುತ್ತದಲ್ಲ! ಹೀಗೆ ಸ್ನೇಹದಲ್ಲೇ ಕೆಲಸ ಮುಗಿಯಿತು ಎಂದು ಬರೆದಿದ್ದಾನೆ.

ತಮ್ಮ ಹಾಗೆಯೇ ಕ್ರೈಸ್ತರು? 1498ರಲ್ಲಿ, ತೋನ್ಸೆಯ ಎದುರು ಮೀನು ಹಿಡಿಯುತ್ತಿದ್ದವರು?

ಇದು ಬೇಕೆಂದೇ ಹೇಳಿದ ಸುಳ್ಳು ಅಂತ ನನಗನ್ನಿಸುವುದಿಲ್ಲ. ಇದೇ ಜನ ಕಲ್ಲಿಕೋಟೆಯಲ್ಲಿ ಒಂದು ದೇವಸ್ಥಾನದೊಳಗೆ ಹೋಗಿ ಅದನ್ನು ಇಗರ್ಜಿ ಎಂದುಕೊಂಡು ಪ್ರಾರ್ಥನೆ ಮಾಡಿ ಬಂದಿದ್ದರು. ಗೋಡೆಯ ಮೇಲಿನ ಸಂತರಿಗೆ ಹಲ್ಲು ಬಾಯಿಂದ ಹೊರಗಿತ್ತು, ನಾಲ್ಕೈದು ಕೈಗಳಿದ್ದವು ಎಂದು ಅದೇ ದಿನಚರಿಕಾರ ನಿರುಮ್ಮಳವಾಗಿ ಬರೆದಿದ್ದಾನೆ. ಮುಸ್ಲಿಮರಲ್ಲದವರೆಲ್ಲ ಕ್ರೈಸ್ತರು ಎಂಬ ಲೆಕ್ಕ ಹಾಕಿಕೊಂಡೇ ಅವರು ಊರು ಬಿಟ್ಟಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಡಿಫಾಲ್ಟ್ ವ್ಯಾಲ್ಯೂ ಮೊದಲೇ ಸೆಟ್ ಆಗಿತ್ತು, ಎದುರಿನಿಂದ ಏನು ಉತ್ತರ ಬಂದರೂ ಅದೇ ದಾಖಲಾಗುತ್ತಿತ್ತು.

ಮಾತುಕತೆ ನಡೆದದ್ದಾದರೂ ಹೇಗೆ? ಹಡಗಲ್ಲಿ ಅರಬ್ಬಿ ಬಲ್ಲ ಪೋರ್ಚುಗೀಸನಿದ್ದ. ಕಲ್ಲಿಕೋಟೆಯಿಂದ ಹಿಡಿದು ತಂದವರಿದ್ದರು. ದೋಣಿಯವರ ಮಾತು ಬಹುಶಃ ತುಳು. ಪೋರ್ಚುಗೀಸ್, ಅರಬ್ಬಿ, ಮಲಯಾಳ, ತುಳು ಅಂತ ಪ್ರಶ್ನೆ ಇಳಿದು, ಉತ್ತರ ಅದೇ ಏಣಿಯಲ್ಲಿ ಮೇಲೆ ಹತ್ತಿರಬೇಕು. ಇಲ್ಲವೇ ಬರೀ ಕೈಸನ್ನೆ. ಎರಡು ಸಿಸ್ಟಮ್ ನಡುವೆ ಏನೋ ಎಡವಟ್ಟಾದರೆ ಆಫೀಸಿನಲ್ಲಿ ನಾವು ಎರಡೂ ಕಡೆಯ ಲಾಗ್ ತೆಗೆದು ನೋಡ್ತೇವೆ. ಇಲ್ಲಿ ಇರುವುದು ಒಂದೇ ಕಡೆಯ ಲಾಗ್.

ಹೂಡೆಯ ದಡದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯರೊಬ್ಬರಿಗೆ ಈ ಕಥೆ ಹೇಳಿದೆ. ನಮ್ಮ ಮನೆ ಕಾರ್ಕಳದ ಕಡೆ, ತುಳು ಬರ್ತದೆ, ಹಾಗಾಗಿ ನಮ್ಮ ನಡುವೆ ಏಣಿ ಬೇಕಾಗಲಿಲ್ಲ. “ನೀವಾಗಿದ್ರೆ ಏನು ಹೇಳ್ತಿದ್ರಿ ಅಣ್ಣ?” ಅಂತ ಕೇಳಿದೆ.

“ಕಲ್ಲು ನೆಡುದಾದ್ರೆ ನೆಡ್ಲಿ, ಅಲ್ಲಿ ಯಾರು ಇರ್ತಾರೆ? ಮೀನಿನ ದುಡ್ಡು ಎಲ್ಲಿ ಅಂತ ಕೇಳ್ತಿದ್ದೆ” ಅಂದರು. ಆಮೇಲೆ ನಕ್ಕು, “ಅಂಗಿ ಹೆಂಗಿತ್ತಂತೆ, ಹೊಸತಾ?” ಅಂದರು. ಐನೂರು ವರ್ಷ ಹಳೆಯ ದಾಖಲೆಗೆ ನಾನು ಕೇಳಿದ ಅತ್ಯಂತ ಸರಿಯಾದ ಟಿಪ್ಪಣಿ ಇದು.

ಆರು ವರ್ಷ ಮುಂಚೆ, 1492ರ ಅಕ್ಟೋಬರ್ 12ರಂದು, ಭೂಮಿಯ ಇನ್ನೊಂದು ಬದಿಯಲ್ಲೂ ಹೆಚ್ಚುಕಡಿಮೆ ಇದೇ ನಡೆದಿತ್ತು. ಸ್ಪೇನಿನ ಪರವಾಗಿ ಹೊರಟ ಕೊಲಂಬಸ್ ಕೆರಿಬಿಯನ್ ಕಡೆಯ ದ್ವೀಪದ ಜನರಿಗೆ ಕೊಟ್ಟದ್ದು ಕೆಂಪು ಟೋಪಿ, ಗಾಜಿನ ಮಣಿ. ಇವರಿಗೆ ಯಾವ ಮತವೂ ಇದ್ದಂತಿಲ್ಲ, ಸುಲಭದಲ್ಲಿ ಕ್ರೈಸ್ತರಾಗುತ್ತಾರೆ ಎಂದು ಬರೆದುಕೊಂಡ. ಅಲ್ಲಿ ಮತವೇ ಇಲ್ಲ, ಇಲ್ಲಿ ಆಗಲೇ ಕ್ರೈಸ್ತರು. ಎರಡೂ ಕಡೆ ಎದುರಿಗಿದ್ದವರನ್ನು ಯಾರೂ ಸರಿಯಾಗಿ ಕೇಳಲಿಲ್ಲ.

ಅಂಗಿಯ ಕಥೆಯನ್ನು ತಮಾಷೆಯಾಗಿ ಓದಬಹುದಿತ್ತು, 1502 ಇಲ್ಲದಿದ್ದರೆ. ಗಾಮ ಎರಡನೇ ಸಲ ಬಂದದ್ದು ಫಿರಂಗಿ ತುಂಬಿದ ದೊಡ್ಡ ನೌಕಾಪಡೆಯೊಂದಿಗೆ. ಇಲ್ಲಿಂದ ತೆಂಕಕ್ಕೆ, ಕಾಸರಗೋಡು ದಾಟಿದ ಮೇಲೆ ಸಿಗುವ ಏಳಿಮಲೆಯ ಹತ್ತಿರದ ಕಡಲಲ್ಲಿ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ತಡೆದ. ಅದರಲ್ಲಿ ಹೆಂಗಸರು, ಮಕ್ಕಳು ಸೇರಿ ನೂರಾರು ಜನ. ಸೊತ್ತನ್ನೆಲ್ಲ ಕೊಡುತ್ತೇವೆ ಎಂದರೂ ಕೇಳದೆ ಬೆಂಕಿ ಹಚ್ಚಿಸಿದ. ಇದನ್ನು ಬರೆದಿಟ್ಟವನು ಶತ್ರುವಲ್ಲ, ಅದೇ ಪಡೆಯ ಒಂದು ಹಡಗಿನಲ್ಲಿದ್ದ ಗುಮಾಸ್ತ ತೊಮೆ ಲೋಪೆಸ್. ಹೆಂಗಸರು ಮೈಮೇಲಿನ ಒಡವೆಗಳನ್ನು ಎತ್ತಿ ತೋರಿಸಿದ್ದು, ಕೂಸುಗಳನ್ನು ಮೇಲಕ್ಕೆ ಹಿಡಿದು ಇವನ್ನಾದರೂ ಉಳಿಸಿ ಎಂದು ಸನ್ನೆ ಮಾಡಿದ್ದು, ಎಲ್ಲ ಬರೆದಿದ್ದಾನೆ. ಆ ದಿನವನ್ನು ಬದುಕಿರುವ ತನಕ ಮರೆಯಲಾರೆ ಎಂದೂ ಬರೆದಿದ್ದಾನೆ. ಈ ಸಲ ಸನ್ನೆಯ ಅರ್ಥ ಎಲ್ಲರಿಗೂ ಆಗಿತ್ತು.

ಹೂಡೆಯಲ್ಲಿ ಕೂತು ಅದನ್ನು ಓದುವುದು ಕಷ್ಟ. ಇಲ್ಲಿ ಮಸೀದಿಗಳಿವೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳಿವೆ, ಹಜ್ ಮುಗಿಸಿ ಬಂದ ಅಜ್ಜ ಅಜ್ಜಿಯರಿದ್ದಾರೆ. ಮೆಕ್ಕಾದ ದಾರಿ ಇದೇ ಕಡಲಿನದ್ದಾಗಿತ್ತು. ನಮ್ಮ ಶಾಲೆಯ ಪಾಠದಲ್ಲಿ ವಾಸ್ಕೋ ಡ ಗಾಮ ಅಂದರೆ ಸಮುದ್ರಮಾರ್ಗ ಕಂಡುಹಿಡಿದವನು, ಎರಡು ಅಂಕದ ಪ್ರಶ್ನೆ. ಲೋಪೆಸನ ಒಂದು ಪುಟ ಓದಿಸಿದ್ದರೆ ಸಾಕಿತ್ತು.

ಇನ್ನೊಂದು ಕಡೆಯ ಲಾಗ್ ಪೂರ್ತಿ ಇಲ್ಲವೆಂದಲ್ಲ. ಮಲಬಾರಿನ ವಿದ್ವಾಂಸ ಶೇಖ್ ಝೈನುದ್ದೀನ್ ಮಖ್ದೂಮ್ 16ನೇ ಶತಮಾನದ ಕೊನೆಯ ಭಾಗದಲ್ಲಿ ಅರಬ್ಬಿಯಲ್ಲಿ ‘ತುಹ್ಫತುಲ್ ಮುಜಾಹಿದೀನ್’ ಬರೆದರು. ಪೋರ್ಚುಗೀಸರು ಕರಾವಳಿಯಲ್ಲಿ ಮಾಡಿದ್ದೆಲ್ಲದರ ವಿವರ ಅದರಲ್ಲಿದೆ, ಹಜ್ ಯಾತ್ರೆಗೆ ಬಂದ ಅಡ್ಡಿಯೂ ಸೇರಿ. ಮೆಕ್ಸಿಕೋದಲ್ಲಿ ಸಹಗುನ್ ಎಂಬ ಸ್ಪೇನಿನ ಪಾದ್ರಿ ಸ್ಥಳೀಯ ಹಿರಿಯರನ್ನು ಕೂರಿಸಿಕೊಂಡು ಅವರದೇ ನಾವಾಟ್ಲ್ ಭಾಷೆಯಲ್ಲಿ ಎಲ್ಲ ಬರೆಸಿದ. ತೋನ್ಸೆಯ ದೋಣಿಯವರನ್ನು ಹಾಗೆ ಯಾರೂ ಕೂರಿಸಿಕೊಳ್ಳಲಿಲ್ಲ.

ಹೂಡೆಯಿಂದ ರಸ್ತೆ ಇನ್ನೂ ಬಡಗಿಗೆ ಕೋಡಿಬೆಂಗ್ರೆಯ ತನಕ ಹೋಗುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳ ಅಳಿವೆ. ಬಾರ್ಕೂರಿಗೆ ಕಡಲಿನ ದಾರಿ ಇದೇ. 1516ರ ಸುಮಾರಿಗೆ ದುವಾರ್ತೆ ಬಾರ್ಬೋಸ ಎಂಬ ಪೋರ್ಚುಗೀಸ್ ಅಧಿಕಾರಿ ಬಾರ್ಕೂರು, ಬಸ್ರೂರುಗಳ ಬಗ್ಗೆ ಬರೆದಿದ್ದಾನೆ. ಈತ ಮಲಯಾಳ ಕಲಿತವನು, ಕಣ್ಣೂರಿನಲ್ಲಿ ಕೆಲಸ ಮಾಡಿದವನು. ಇವನ ಪುಟಗಳಲ್ಲಿ ‘ತಮ್ಮಂಥ ಕ್ರೈಸ್ತರು’ ಮಾಯವಾಗಿ ಅಕ್ಕಿ ಬರುತ್ತದೆ. ಹೊರ್ಮುಜ್, ಏಡನ್‌ಗಳ ಹಡಗುಗಳು ಇಲ್ಲಿಂದ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು, ಮಲಬಾರಿನವರು ತೆಂಗಿನಕಾಯಿ, ಎಣ್ಣೆ, ಬೆಲ್ಲ ತಂದು ಅಕ್ಕಿ ಒಯ್ಯುತ್ತಿದ್ದರು ಎಂದು ಲೆಕ್ಕ ಕೊಡುತ್ತಾನೆ. ತುಳುನಾಡಿನ ಹೆಸರನ್ನು ತನ್ನ ಬಾಯಿಗೆ ಬಂದ ಹಾಗೆ ‘ತೊಲಿನಾತೆ’ ಅಂತ ಬರೆದಿದ್ದಾನೆ. ಭಾಷೆ ಕಲಿತವನು ಬರೆದದ್ದಕ್ಕೂ ಕಲಿಯದವನು ಬರೆದದ್ದಕ್ಕೂ ಇರುವ ವ್ಯತ್ಯಾಸ ನೋಡಿ.

ಅವರ ಮಾತು ನಮ್ಮ ಮನೆಯೊಳಗೂ ಬಂದು ಕೂತಿದೆ. ಚಾವಿ, ಬಾಲ್ದಿ, ಇಸ್ತ್ರಿ, ಮೇಸ್ತ್ರಿ, ಅನಾನಸು. ಇವೆಲ್ಲ ಪೋರ್ಚುಗೀಸ್ ದಾರಿಯಲ್ಲಿ ಬಂದವು. ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ, “ಬಾಲ್ದಿ ನಮ್ಮದೇ” ಅಂತಾರೆ.

ದ್ವೀಪಕ್ಕೆ ಹೋದಾಗ ಗಾಮನ ಕಂಬ ನನಗೆಲ್ಲೂ ಕಾಣಲಿಲ್ಲ. ಅಲ್ಲಿ ಎದ್ದು ನಿಂತಿರುವ ಕಲ್ಲಿನ ಕಂಬಗಳು ಯಾರೂ ನೆಟ್ಟವಲ್ಲ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದ ಲಾವಾ ತಣಿದು ಆದದ್ದು, ಕೋಟ್ಯಂತರ ವರ್ಷ ಹಳೆಯವು. ನಾನು ಮಲ್ಪೆಯಲ್ಲಿ ಬೋಟು ಹತ್ತುವಾಗ ತೋನ್ಸೆಪಾರ್‌ಗೆ ಒಂದು ಟಿಕೆಟ್ ಅಂತ ಕೇಳಿದ್ದೆ. ಕೌಂಟರಿನ ಹುಡುಗ ಒಂದು ಕ್ಷಣ ಮುಖ ನೋಡಿ, “ಐಲ್ಯಾಂಡಿಗಲ್ವಾ?” ಅಂದ.

ಹೋಗುವವರಿಗೆ ಒಂದು ಮಾತು. ಆ ದಿನಚರಿಯ ಇಂಗ್ಲಿಷ್ ಅನುವಾದ 1898ರದ್ದು, ರಾವೆನ್‌ಸ್ಟೈನ್ ಮಾಡಿದ್ದು. ಕಾಪಿರೈಟ್ ಮುಗಿದಿದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸೆಪ್ಟೆಂಬರ್ 15ರ ಭಾಗ ಅರ್ಧ ಪುಟವೂ ಇಲ್ಲ. ಮೊದಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಸಂಜೆ ಐದರ ಮೇಲೆ ಹೂಡೆಯ ದಡದಲ್ಲಿ ಕೂತು ಓದಿ. ಬಿಸಿಲು ಎದುರಿನಿಂದ ಹೊಡೆಯುತ್ತದೆ, ಫೋನಿನ ಬ್ರೈಟ್‌ನೆಸ್ ಪೂರ್ತಿ ಏರಿಸಬೇಕಾಗುತ್ತದೆ.